ದೋಹಾದಲ್ಲಿ ಅಲ್ಲಾಡಿಸದೆ ಕೊಟ್ಟ ಬಟ್ಟಲು

ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ಹಾರಿ ದೋಹಾದಲ್ಲಿ ಇಳಿದೆ. ಅಕ್ಟೋಬರ್ ತಿಂಗಳಾದರೂ ಹೊರಗೆ ಬಾಣಲೆಯ ಮುಂದೆ ನಿಂತಂಥ ಸೆಕೆ. ಫುಟ್‌ಬಾಲ್ ವಿಶ್ವಕಪ್‌ಗೆ ಒಂದೂವರೆ ತಿಂಗಳಿತ್ತು, ದಾರಿಯುದ್ದಕ್ಕೂ ಬಾವುಟಗಳು. ಮಗಳು ಸುಮಾ ಇಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಗಣಿತ ಟೀಚರು. ನಾನು ಮಂಡ್ಯ ಕಡೆ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದು, ಹೆಡ್‌ಮಾಸ್ಟರಾಗಿ ನಿವೃತ್ತನಾದವನು.

ಮರುದಿನ ಎರಡು ರಿಯಾಲಿನ ಮೆಟ್ರೋ ಟಿಕೆಟ್ಟಿನಲ್ಲಿ ಹಳೆಯ ಪೇಟೆ ಸೂಕ್ ವಾಕಿಫ್‌ಗೆ ಹೋದೆವು. ಪಾತ್ರೆ ಅಂಗಡಿಯವನು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಏಲಕ್ಕಿ ಕಾಫಿ ಸುರಿದ. ನಾನು ಕುಡಿದಂತೆಲ್ಲ ಮತ್ತೆ ಸುರಿದ. ನಾಲ್ಕನೆಯ ಸಲ ಸುಮಾ ನಕ್ಕಳು.

“ಅಪ್ಪ, ಬಟ್ಟಲನ್ನ ಹೀಗೆ ಅಲ್ಲಾಡಿಸಿ ಕೊಡ್ಬೇಕು, ಖಲಾಸ್ ಅಂತ. ಇಲ್ದಿದ್ರೆ ಸಂಜೆ ತನಕ ಹಾಕ್ತಾನೇ ಇರ್ತಾನೆ!”

ಅಂಥದೇ ಒಂದು ಬಟ್ಟಲನ್ನು ಕೊಂಡಳು. “ನಾಳೆ ಸ್ಕೂಲಿಗೆ ಬೇಕು.”

ವಿಷಯ ಇಷ್ಟು. ಹತ್ತನೆಯ ತರಗತಿಯ ರೆನಿಟಾ ಉಡುಪಿ ಕಡೆಯವಳು. ತಂದೆ ದೋಹಾದಾಚೆ ಮೆಸಯೀದಿನ ಗ್ಯಾಸ್ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ದಿನಾ ನಲವತ್ತು ಕಿಲೋಮೀಟರು ಕಂಪನಿ ಬಸ್ಸಿನಲ್ಲಿ ಬರುತ್ತಾಳೆ. ಸಹಪಾಠಿ ಸಿಂಚನಾ ಅವಳನ್ನು ‘ಗ್ಯಾಸ್ ಸಿಲಿಂಡರ್’ ಎಂದು ಕರೆದು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಹಿಂದಿನ ವಾರ ರೆನಿಟಾ ಸ್ಟೀಲ್ ಬಾಟಲಿ ಎಸೆದಳು. ಸಿಂಚನಾಳ ಕನ್ನಡಕ ಒಡೆದು ಹುಬ್ಬಿಗೆ ಎರಡು ಹೊಲಿಗೆ ಬಿದ್ದವು. ನಿಯಮದಂತೆ ರೆನಿಟಾಗೆ ಟಿ.ಸಿ. ಕೊಡಬೇಕು, ಕೊಟ್ಟರೆ ಆ ವರ್ಷದ ಬೋರ್ಡ್ ಪರೀಕ್ಷೆ ಕೈತಪ್ಪುತ್ತದೆ. ಅದಕ್ಕೆ ಮೊದಲು ನೋಯಿಸಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸಿ, ಆದದ್ದನ್ನು ಅವರಿಂದಲೇ ಸರಿಪಡಿಸುವ ಹೊಸ ಕ್ರಮವನ್ನು ಒಂದು ಸಲ ಪ್ರಯತ್ನಿಸಲು ಪ್ರಾಂಶುಪಾಲರು ಸುಮಾಗೆ ಒಪ್ಪಿಗೆ ಕೊಟ್ಟಿದ್ದರು.

ಮರುದಿನ ಶಾಲೆಯ ಕೋಣೆಯೊಂದರಲ್ಲಿ ಮೇಜಿಲ್ಲದೆ ಸುತ್ತಲೂ ಆರು ಕುರ್ಚಿ: ಹುಡುಗಿಯರು, ಅವರ ತಂದೆಯರು, ಪ್ರಾಂಶುಪಾಲರು, ಸುಮಾ. ಅತಿಥಿಯಾಗಿ ಹೋಗಿದ್ದ ನಾನು ಗೋಡೆ ಪಕ್ಕ ಕೂತೆ.

“ಅಪ್ಪ, ಕುರ್ಚಿ ಇಲ್ಲಿಗೆ ತನ್ನಿ. ಹೊರಗೆ ಕೂತು ನೋಡೋರು ಯಾರೂ ಇರ್ಬಾರ್ದು.”

ಬಟ್ಟಲು ಹಿಡಿದವರದಷ್ಟೇ ಮಾತು. ಮುಗಿದರೆ ಅಲ್ಲಾಡಿಸಿ ಮುಂದಕ್ಕೆ. ಬಟ್ಟಲು ಸಿಂಚನಾಳ ಕೈಯಲ್ಲಿದ್ದಾಗ ಮಾತು ಶುರು ಮಾಡಿದ್ದು ಅವಳ ತಂದೆ. “ನೋಡಿ ಮೇಡಂ, ನನ್ ಮಗಳು ತಮಾಷೆಗೆ...”

“ಸರ್, ಬಟ್ಟಲು ಅವಳ ಕೈಲಿದೆ,” ಎಂದಳು ಸುಮಾ. ಮೂರು ಸಲ ಹೇಳಬೇಕಾಯಿತು.

“ಎಲ್ರೂ ನಗ್ತಿದ್ರು, ಅದಕ್ಕೇ ಕಂಟಿನ್ಯೂ ಮಾಡ್ದೆ,” ಎಂದಳು ಸಿಂಚನಾ.

ರೆನಿಟಾ ಎದ್ದು ನಿಂತು, “ಸಾರಿ ಮಿಸ್,” ಎಂದವಳೇ ಬಟ್ಟಲು ಅಲ್ಲಾಡಿಸಿಬಿಟ್ಟಳು. ನಾವು ಮೇಷ್ಟ್ರುಗಳು ಕಲಿಸಿದ್ದೇ ಅದನ್ನು.

“ಕೂತ್ಕೋಮ್ಮ. ಸಾರಿ ಆಮೇಲೆ. ಏನಾಯ್ತು ಹೇಳು,” ಎಂದಳು ಸುಮಾ.

ರೆನಿಟಾ ಕೂತು ಹೇಳಿದಳು: “ಅಪ್ಪ ರಾತ್ರಿ ಶಿಫ್ಟ್ ಮುಗಿಸಿ, ಅದೇ ಬಟ್ಟೆಯಲ್ಲಿ ನನ್ನ ಬ್ಯಾಗ್ ಹಿಡ್ಕೊಂಡು ಬಸ್ಸಿನ ಹತ್ರ ಬರುದು. ಬ್ಯಾಗಿನ ಆ ವಾಸನೆ ಅವರದ್ದು ಮಿಸ್. ಇವಳು ಮೂಗು ಮುಚ್ಚಿದ್ರೆ ಅಪ್ಪನಿಗೇ ನಗಾಡಿದ ಹಾಗೆ ಆಗ್ತದೆ.”

ಅವಳ ತಂದೆ ನೆಲ ನೋಡುತ್ತಿದ್ದರು. ಸಿಂಚನಾ ಬಟ್ಟಲಿಗೆ ಕೈ ಚಾಚಿದಳು. ಅದನ್ನು ಹಿಡಿದು, “ಸಾರಿ ಅಂಕಲ್,” ಎಂದದ್ದು ರೆನಿಟಾಳ ತಂದೆಗೆ.

ಬಟ್ಟಲು ನನಗೂ ಬಂತು. “ನಮ್ಮ ಶಾಲೇಲಿ ಶಿವಲಿಂಗ ಅಂತ ಒಬ್ಬ ಕಲ್ಲೆಸೆದಿದ್ದ. ಯಾರು ಎಸೆದದ್ದು ಅಂತ ಕೇಳ್ದೆ. ಏನಾಯ್ತು ಅಂತ ಕೇಳ್ಲಿಲ್ಲ. ಅವತ್ತೇ ಟಿ.ಸಿ. ಬರೆದೆ.” ಬಟ್ಟಲನ್ನು ಅಲ್ಲಾಡಿಸದೆ ಕೊಟ್ಟೆ.

ರೆನಿಟಾಗೆ ಟಿ.ಸಿ. ಕೊಡುವುದು ರದ್ದಾಯಿತು. ಹೊಸ ಕನ್ನಡಕ ಆರಿಸಲು ಇಬ್ಬರೂ ಜೊತೆಗೆ ಹೋಗುವುದು, ಅಡ್ಡಹೆಸರಿನ ವಿಷಯವನ್ನು ಸಿಂಚನಾ ತರಗತಿಯೆದುರು ತಾನೇ ಹೇಳುವುದು ಎಂದು ಅವರೇ ಗೊತ್ತುಮಾಡಿಕೊಂಡರು. ಪ್ರಾಂಶುಪಾಲರು ಸುಮಾಗೆ, “ಎಂಟನೇ ಕ್ಲಾಸಿಂದೂ ಒಂದು ಜಗಳ ಇದೆ, ಯಲ್ಲಾ, ನಡೀರಿ, ಅದನ್ನೂ ನೋಡಿ,” ಎಂದರು. ನನ್ನ ಮಗಳು ನನಗಿಂತ ಒಳ್ಳೆಯ ಮೇಷ್ಟ್ರು. ಊರಿನವರಿಗೆ ಅದು ತಿಳಿಯಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ದಿನ ವಿಮಾನ ನಿಲ್ದಾಣದ ಗಾಜಿನಾಚೆ ನಿಂತ ಸುಮಾ, ಬಟ್ಟಲು ಹಿಡಿದಂತೆ ಬೆರಳು ಮಡಿಸಿ ಅಲ್ಲಾಡಿಸಿದಳು: ಖಲಾಸಾ? ನಾನು ಇಲ್ಲವೆಂದು ತಲೆಯಾಡಿಸಿದೆ.

ಊರಿಗೆ ಬಂದ ಮೂರನೆಯ ದಿನ ಹಳೆಯ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ಕೇಳಿದೆ. ಶಿವಲಿಂಗನ ಊರಿನ ಹೆಸರು ಬೇಕಿತ್ತು.