ಎರಡು ಮನೆಯ ಮೋಟರು

ಮಾಸ್ತರು ಕರೆಂಟು ಹೊಡೆದು ಸತ್ತರು ಎನ್ನುತ್ತಾರೆ. ಅದು ಅರ್ಧ ಮಾತು. ನಾನು ರೊಟ್ಟಿ ಬಡಿಯುವುದು ಬಿಟ್ಟು ಏಳಲಿಲ್ಲ, ಅದಕ್ಕೆ ಸತ್ತರು.

ಮೊನ್ನೆ ಮಿಕ್ಸರಿನ ವಯರು ಸುಟ್ಟು ಅಡುಗೆಮನೆ ತುಂಬ ರಬ್ಬರಿನ ನಾತ ಹರಡಿತು. ನನ್ನ ಸೊಸೆ ಕಿಟಕಿ ತೆಗೆದಳು. ಸೇಡಂನ ಆ ಹಿತ್ತಲು ಕಣ್ಣ ಮುಂದೆ ಬಂದು ನಿಂತಿತು...

ಅದು ತೊಂಬತ್ತರ ದಶಕ. ಪಕ್ಕದ ಮನೆಯ ಮಾಸ್ತರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು. ಬೆಳಿಗ್ಗೆ ಸಂಧ್ಯಾವಂದನೆ, ಆಮೇಲೆ ಸೈಕಲ್ಲು. ಎರಡೂ ಮನೆಗೆ ಸೇರಿ ಹಿತ್ತಲಲ್ಲಿ ಒಂದೇ ಬೋರು, ಒಂದೇ ಮೋಟರು. ಒಬ್ಬರ ಲೈನು ಹೋದರೆ ಇನ್ನೊಬ್ಬರ ಲೈನಿನಿಂದ ನೀರೆತ್ತಲೆಂದು ಎರಡೂ ಮನೆಯಿಂದ ಅದಕ್ಕೆ ವಯರು ಎಳೆದಿದ್ದೆವು. ಅವರ ಗೋಡೆಗೆ ಅವರ ಸ್ವಿಚ್ಚು, ನಮ್ಮ ಗೋಡೆಗೆ ನಮ್ಮದು.

ಒಮ್ಮೆ ಅವರು ಮರುದಿನದ ಪಾಠಕ್ಕೆಂದು ಕಟ್ಟೆಯ ಮೇಲೆ ಸೆಲ್ಲು, ಎರಡು ಸಣ್ಣ ಬಲ್ಬು ಹರವಿಕೊಂಡು ಕೂತಿದ್ದರು. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ನೋಡುತ್ತ ನಿಂತೆ. ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿ ಒಂದನ್ನು ಬಿಚ್ಚಿದರು. ಎರಡೂ ಆರಿದವು. ಆಮೇಲೆ ಒಂದೊಂದಕ್ಕೂ ಬೇರೆ ದಾರಿ ಕೊಟ್ಟು ಜೋಡಿಸಿ ಒಂದನ್ನು ಬಿಚ್ಚಿದರು. ಇನ್ನೊಂದು ಮೊದಲಿನ ಹಾಗೆಯೇ ಉರಿಯುತ್ತಿತ್ತು.

“ಏನ್ರಿ ಮಾಸ್ತರ, ಬಾಜೂಕಿಂದು ಸತ್ರೂ ಇದಕ್ಕ ಖಬರ್ ಇಲ್ಲಲ್ರಿ!” ಎಂದೆ.

“ಇರಂಗಿಲ್ಲ ಅಕ್ಕಾ. ಮನ್ಯಾಗ ಹಿಂಗೇ ಜೋಡಸ್ತಾರ. ಇಲ್ಲಾಂದ್ರ ನೀವು ಬಚ್ಚಲದಾಗ ಲೈಟ್ ಆರಿಸಿದ್ರ ಅಡಗಿಮನ್ಯಾಗೂ ಕತ್ತಲ.”

“ಹಂಗ ಮಾಡಿಕೊಡ್ರಿ ಮತ್ತ. ನಮ್ಮ ಮನಿಯವರು ಬಚ್ಚಲಕ್ಕ ಹೋದ್ರ ತಾಸಗಟ್ಲೆ ಹೊರಗ ಬರಂಗಿಲ್ಲ, ಅಡಗಿಮನಿ ಲೈಟ್ ಆರಿಸಿದ್ರ ಬರ್ತಾರ.”

ಅವರು ಭಾಳ ನಕ್ಕರು. ನಕ್ಕು ಹೇಳಿದರು: “ದಾರಿ ಎಷ್ಟ ಅದಾವೋ ಅಷ್ಟೂ ದಾರೀಲೆ ಕರೆಂಟ್ ಬರ್ತದ ಅಕ್ಕಾ. ಒಂದು ಮುಚ್ಚಿದ್ರ ಇನ್ನೊಂದು ಮುಚ್ಚಂಗಿಲ್ಲ. ಮೋಟರಿಗಿ ಕೈ ಹಚ್ಚೂ ಮೊದಲ ಎರಡೂ ಸ್ವಿಚ್ ನೋಡಬೇಕು.”

ಆ ದಿನ ಬೆಳಿಗ್ಗೆ ನಾನೇ ಮೋಟರು ಹಾಕಿದ್ದೆ. ಅರ್ಧ ಟಾಕಿ ತುಂಬುವಷ್ಟರಲ್ಲಿ ನಮ್ಮ ಲೈನು ಹೋಯಿತು. ಸ್ವಿಚ್ಚು ಬಂದ್ ಮಾಡದೆ ಹೋಗಿ ಒಲೆ ಮುಂದೆ ಕೂತೆ. ಅವರ ಮನೆಗೆ ಕರೆಂಟಿತ್ತು. ಮಾಸ್ತರು ತಮ್ಮ ಸ್ವಿಚ್ಚು ಬಂದ್ ಮಾಡಿ, ಮೋಟರಿನ ಸಡಿಲ ವಯರು ಕಟ್ಟಲು ಹಿತ್ತಲಿಗೆ ಬಂದರು. ಅದು ಸಡಿಲಾಗಿದೆ, ನೋಡಿರಿ ಎಂದು ಹಿಂದಿನ ದಿನ ಹೇಳಿದವಳೂ ನಾನೇ.

“ಅಕ್ಕಾ, ನಿಮ್ಮ ಸ್ವಿಚ್ ಬಂದ್ ಮಾಡೀರೇನ್ರಿ?”

ಕೈಯೆಲ್ಲ ಹಿಟ್ಟು. “ಹೂಂ, ಮಾಡೀನ್ರಿ,” ಎಂದೆ. ನೋಡಲಿಲ್ಲ.

ಎರಡು ರೊಟ್ಟಿ ಆಗಿರಬೇಕು. ತಲೆಯ ಮೇಲಿನ ಫ್ಯಾನು ತಿರುಗಿತು. ಸೆಕೆಗೆ ಬೆಂದಿದ್ದೆ, ಕರೆಂಟು ಬಂತೆಂದು ಖುಷಿಪಟ್ಟೆ. ಹೌದು, ಖುಷಿಪಟ್ಟೆ. ಆಗ ಹಿತ್ತಲಲ್ಲಿ ಕೊಡ ಉರುಳಿತು. ಬಂದು ನೋಡಿದರೆ ಮಾಸ್ತರು ಹಸಿ ಫರಸಿಗಲ್ಲಿನ ಮೇಲೆ ಬಿದ್ದಿದ್ದರು, ಮುಷ್ಟಿಯಲ್ಲಿ ವಯರು, ಕಣ್ಣು ತೆರೆದೇ ಇದ್ದವು. ಅದೇ ನಾತ. ಓಡಿ ನಮ್ಮ ಸ್ವಿಚ್ಚು ಬಂದ್ ಮಾಡಿದೆ. ಹೊರಗೆ ಕರೆಂಟು ಅವರನ್ನು ಹಿಡಿದಷ್ಟು ಹೊತ್ತೂ ಒಳಗೆ ನನ್ನ ಫ್ಯಾನು ಒಂದು ಸುತ್ತೂ ನಿಧಾನವಾಗಿರಲಿಲ್ಲ...

ಜನ ಸೇರಿದರು. ನಮ್ಮ ಮನೆಗೆ ಬೆಳಿಗ್ಗೆಯಿಂದ ಕರೆಂಟಿಲ್ಲವೆಂದು ಓಣಿಗೆಲ್ಲ ಗೊತ್ತಿತ್ತು; ಆಗಷ್ಟೇ ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ನನ್ನನ್ನು ಯಾರೂ ಕೇಳಲಿಲ್ಲ. ಮಾಸ್ತರ ತಾಯಿ ತಮ್ಮ ಸೊಸೆಯ, ಮಾಸ್ತರ ಹೆಂಡತಿಯ ಕಡೆ ತಿರುಗಿದರು.

“ನೀರಿಗಂತ ಸ್ವಿಚ್ ನೀನೇ ಹಾಕೀದಿ! ನನ್ನ ಮಗನ್ನ ನೀನೇ ತಿಂದಿ!”

ನಾನು ವೈನಿ ಎನ್ನುತ್ತಿದ್ದ ಆ ಹೆಂಗಸು ಅಳಲಿಲ್ಲ. “ನಾ ಹಾಕಿದ್ನೇನು?” ಎಂದು ಗೋಡೆಗೆ ಕೇಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರೆ, “ಬಾಯಿ ಮುಚ್ಕೊಂಡು ಕೂಡು, ನಿನಗ ಯಾರ್ ಕೇಳ್ಯಾರ?” ಎಂದರು.

ಈಗ ಆ ಮನೆಯವರು ಊರಲ್ಲಿಲ್ಲ. ಬೋರೂ ಮುಚ್ಚಿದೆ. ಮಾಸ್ತರಂಥ ನೆರೆಯವರು ಮತ್ತೆ ಸಿಗಲಿಲ್ಲ, ಸಿಗಲೆಂದು ಬೇಡುವ ಮುಖ ನನಗಿಲ್ಲ. ಆದರೆ ಮಾಸ್ತರು ಸತ್ತ ಮರುದಿನ ಬೆಳಿಗ್ಗೆ ಒಂದು ಕೆಲಸ ಮಾತ್ರ ಮಾಡಿದ್ದೆ. ಬಂಧುಗಳೆಲ್ಲ ಕೂತಿರುವಾಗ ಅವರ ಹೊಸ್ತಿಲಿಗೆ ಹೋಗಿ ನಿಂತೆ.

“ನಿಮ್ಮ ಸೊಸಿ ಹಾಕಿಲ್ರಿ. ಚಾಲೂ ಇದ್ದದ್ದು ನನ್ನ ಸ್ವಿಚ್. ಮಾಸ್ತರ್ರು ಕೇಳಿದ್ರು, ನಾ ನೋಡಲಾರದೇ ಬಂದ್ ಅದ ಅಂದೆ.”

ವೈನಿ ತಲೆ ಎತ್ತಿದಳು. ಆಗ ಅತ್ತಳು. ಅವಳು ಅತ್ತು ಮುಗಿಸುವ ತನಕ ನಾನು ಹೊಸ್ತಿಲು ಬಿಟ್ಟು ಕದಲಲಿಲ್ಲ.