ಕೊಬ್ಬರಿ ಎಣ್ಣೆ ಕುಡಿದ ಕೈಗಡಿಯಾರ

ಅರಸೀಕೆರೆ ಸ್ಟೇಷನ್ನಿನಿಂದ ಹೊರಬಿದ್ದರೆ ಕೊಬ್ಬರಿ ಮಂಡಿಯ ಮಗ್ಗುಲಿಗೊಂದು ಗಡಿಯಾರ ರಿಪೇರಿಯ ಗೂಡಂಗಡಿ. ಡಿಸೆಂಬರ್ ಚಳಿಗೆ ಊರಿನ್ನೂ ಮುಸುಕೆಳೆದುಕೊಂಡು ಮಲಗಿದೆ. ಚನ್ನಬಸವಯ್ಯನವರು ಮಾತ್ರ ಆಗಲೇ ಹಲಗೆ ತೆಗೆದು ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾರೆ. ಬಲಗಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ. ಯುದ್ಧ ಶುರುವಾದಾಗಿನಿಂದ ಸೀಮೆಎಣ್ಣೆಗೂ ತತ್ವಾರ, ಬಿಸಿಲಿದ್ದಷ್ಟು ಹೊತ್ತೇ ಕೆಲಸ.

"ಎಳೆ ಬಿಸ್ಲು ಅಡ್ಡಕ್ಕೆ ಬೀಳ್ತೈತೆ ನೋಡಿ, ಚಕ್ರದ ಹಲ್ಲಿನ ಸಂದಿ ಧೂಳೂ ಕಾಣ್ತೈತೆ. ಎಷ್ಟಾದ್ರೂ ಮಾತಾಡ್ಸಿ, ಸೀನ್ಬ್ಯಾಡಿ ಅಷ್ಟೆ," ಎನ್ನುತ್ತಾರೆ. ಯಾರಾದರೂ ಸೀನಿದರೋ, ಎಳ್ಳುಕಾಳಿಗಿಂತ ಸಣ್ಣ ತಿರುಪಿಗಾಗಿ ಅರ್ಧ ದಿನ ನೆಲ ತಡಕಬೇಕು.

ಇಪ್ಪತ್ತೆರಡು ವರ್ಷದ ಕಸುಬು ಇದು. ರೈಲ್ವೆ ಗಾರ್ಡುಗಳ ಗಡಿಯಾರ ಸರಿಮಾಡುತ್ತಿದ್ದ ಮುದುಕರೊಬ್ಬರ ಬಳಿ ಕಲಿತದ್ದು. ಮೊದಲ ವರ್ಷವೆಲ್ಲ ಗೋಡೆ ಗಡಿಯಾರದ ಧೂಳೊರೆಸಿದ್ದೇ ಬಂತು. ಈಗ ದಿನಕ್ಕೆ ನಾಲ್ಕು ಕೈಗಡಿಯಾರ ಬಿಚ್ಚಿ ಜೋಡಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಸುರಿಯುತ್ತದೆ. ಎಡಗಣ್ಣು ಆಗಲೇ ಮಂಜು. ಅವರು ಸರಿಮಾಡಿಕೊಟ್ಟ ಗಡಿಯಾರ ನೋಡಿಕೊಂಡು ರೈಲು ಹತ್ತುವ ಎಷ್ಟೋ ಜನಕ್ಕೆ ಅವರ ಹೆಸರೂ ಗೊತ್ತಿಲ್ಲ. ಹೊಟ್ಟೆ ಉರಿಯುವ ಸಂಗತಿ ಇದು, ಅವರಿಗಲ್ಲ, ನೋಡುವವರಿಗೆ.

ಇವತ್ತು ಮೇಜಿನ ಮೇಲಿರುವುದು ಚಕ್ರದ ಅಚ್ಚು ಸವೆಯದಂತೆ ಒಳಗೆ ಹದಿನೈದು ಕೆಂಪು ಕಲ್ಲು ಕೂರಿಸಿದ ಸ್ವಿಸ್ ಮಾಲು. ಜಾವಗಲ್ಲಿನ ಮಹದೇವಮ್ಮನವರ ಮಗ ಕೃಷ್ಣಪ್ಪ ಪಲ್ಟನ್ನು ಸೇರಿ ಬರ್ಮಾ ಗಡಿಗೆ ಹೋಗುವಾಗ ತಾನು ಕಟ್ಟುತ್ತಿದ್ದುದನ್ನೇ ಬಿಚ್ಚಿ ಅವ್ವನ ಕೈಗಿಟ್ಟು, ದಿನಾ ಕೀಲಿ ಕೊಡು ಎಂದು ಹೇಳಿ ಹೋದದ್ದು. ಅವ್ವನಿಗೆ ಗಂಟೆ ನೋಡಲು ಬಾರದು. ಕೀಲಿ ಕೊಟ್ಟು ಕಿವಿಗಿಟ್ಟುಕೊಂಡರೆ ಮನಸ್ಸಿಗೆ ಸಮಾಧಾನ. ಮೂರು ತಿಂಗಳಿಂದ ಮಗನ ಕಾಗದವಿಲ್ಲ. ಮೊನ್ನೆ ಗಡಿಯಾರವೂ ನಿಂತಿತು. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ಹತ್ತಿ ನಿನ್ನೆಯೇ ಬಂದು ನೆಂಟರ ಮನೆಯಲ್ಲಿದ್ದವರು ಈಗ ಅಂಗಡಿ ಕಟ್ಟೆಯ ಮೇಲೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಾರೆ.

"ನನ್ ಮಗಂಗೆ ಏನೋ ಆಗಿರಾದ್ಕೇ ಇದು ನಿಂತೋಗಿರದಾ ಸ್ವಾಮಿ?"

ಚನ್ನಬಸವಯ್ಯನವರು ಹಿಂದಿನ ಮುಚ್ಚಳ ತೆಗೆದು ಮೂಸುತ್ತಾರೆ.

"ಕೊಬ್ರಿ ಎಣ್ಣೆ ಬಿಟ್ಟಿದ್ರಾ ತಾಯಿ?"

"ಸದ್ದು ಸಣ್ಗಾಗಿತ್ತು. ಒಣಗೈತೆ ಅಂತ ಒಂದೇ ತೊಟ್ಟು ಬುಟ್ಟೆ."

ಈ ಸೀಮೆಯಲ್ಲಿ ತಲೆಗೂ ಅದೇ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಅದೇ. ಚಳಿಗೆ ಅದು ಹೆಪ್ಪುಗಟ್ಟಿ ಚಕ್ರಗಳು ಕಚ್ಚಿಕೊಂಡಿವೆ. ಚಳಿಗಾಲ ಬಂತೆಂದರೆ ಇಂಥವು ಹತ್ತಾರು ಬರುತ್ತವೆ.

"ಇದು ನಿಂತಿದ್ದು ಎಣ್ಣೆಯಿಂದ ಕಣವ್ವ. ನಿಮ್ ಮಗನ ಜೀವಾನ ಇದಕ್ಕೆ ಗಂಟು ಹಾಕ್ಬ್ಯಾಡಿ."

ಪೆಟ್ರೋಲಿಗೂ ರೇಷನ್. ಸೀಸೆಯ ತಳದಲ್ಲಿ ಉಳಿದದ್ದನ್ನೆಲ್ಲ ಬಟ್ಟಲಿಗೆ ಬಗ್ಗಿಸಿ ಚಕ್ರಗಳನ್ನು ತೊಳೆಯುತ್ತಾರೆ. ಹೊತ್ತು ಮಾರುದ್ದ ಏರುವ ಹೊತ್ತಿಗೆ ಎಲ್ಲ ಜೋಡಿಸಿ ಮಹದೇವಮ್ಮನವರ ಕಿವಿಗೆ ಹಿಡಿಯುತ್ತಾರೆ. ಕೇಳಿಸಿಕೊಂಡ ತಾಯಿಗೆ ಅಳು ತಡೆಯದು.

ಕಣ್ಣೊರೆಸಿಕೊಂಡ ಮೇಲೆ ಇನ್ನೊಂದು ಆಸೆ. "ಹಿಂದ್ಗಡೆ ಗೀಚೆಲ್ಲ ಉಜ್ಜಿ ಫಳಫಳ ಅನ್ನಿಸ್ಬುಡಿ. ಬಂದ್ರೆ ಖುಷಿ ಪಡ್ತಾನೆ."

ಮೆರುಗು ಹಾಕುವುದರಲ್ಲಿ ಚನ್ನಬಸವಯ್ಯನವರದು ಎತ್ತಿದ ಕೈ. ಗಡಿಯಾರದ ಬೆನ್ನಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದು, ಹಾಗೆ ಉಜ್ಜುತ್ತಾರೆ. ಆದರೆ ಈಗ ಬೆರಳಿನಿಂದ ಆ ಗೀರುಗಳನ್ನು ಸವರಿ, ಗಡಿಯಾರವನ್ನು ಹಾಗೆಯೇ ತಾಯಿಯ ಅಂಗೈಗಿಟ್ಟು ಬೆರಳು ಮಡಿಸುತ್ತಾರೆ.

"ಇವು ಅವನ ಕೈ ಗುರ್ತು, ತಾಯಿ. ಉಜ್ಜಬೇಕೋ ಬ್ಯಾಡ್ವೋ ಅವನೇ ಬಂದು ಯೋಳ್ಲಿ. ಅಲ್ಲೀಗಂಟ ನಾನು ಈ ಅಂಗ್ಡಿ ಮುಚ್ಚಾಕಿಲ್ಲ."