ವರ್ಲಿನ್ ಹ್ಯಾಚರ್ ಹದ್ದಿನ ಟೀ ಶರ್ಟು ಕಳಚಿದ್ದು

ಓಕ್ಲಹೋಮಾದ ಆ ಸಣ್ಣ ಊರಿನಲ್ಲಿ ವರ್ಲಿನ್ ಹ್ಯಾಚರನಿಗಿಂತ ಮೊದಲು ಅವನ ಹೊಟ್ಟೆ ಎಲ್ಲ ಕಡೆ ತಲುಪುತ್ತಿತ್ತು. ಹೊಟ್ಟೆಯ ಮೇಲೆ ಬಂದೂಕು ಕಂಪನಿಯೊಂದರ ಗುರುತು: ಎರಡು ರೈಫಲ್ಲು, ನಡುವೆ ಸಿಟ್ಟಿಗೆದ್ದ ಹದ್ದು. ಇಂಥ ಹತ್ತಿಯ ಟೀ ಶರ್ಟು ಅವನ ಬಳಿ ಹದಿನಾಲ್ಕಿದ್ದವು. ಹಿಂದಿನ ವೀರರು ಕವಚ ತೊಟ್ಟು ರಣರಂಗಕ್ಕೆ ಹೋದರೆ ವರ್ಲಿನ್ ಇದನ್ನು ತೊಟ್ಟು ಹಾಲು ತರಲು ಹೋಗುತ್ತಿದ್ದ. ಮಗಳ ಮದುವೆಯಲ್ಲೂ ಕೋಟಿನೊಳಗಿಂದ ಹದ್ದು ಇಣುಕಿತ್ತು. ಈ ಮಹಾರಥಿ ನಲವತ್ತು ವರ್ಷದಲ್ಲಿ ಉರುಳಿಸಿದ್ದು ಆರು ಜಿಂಕೆ, ಅಸಂಖ್ಯ ಸೋಡಾ ಡಬ್ಬಿ ಮತ್ತು ಒಮ್ಮೆ, ಕಣ್ತಪ್ಪಿ, ತನ್ನದೇ ಮನೆಯ ಅಂಚೆಪೆಟ್ಟಿಗೆ.

ಮಾರ್ಚಿನಲ್ಲಿ ಹೆಂಡತಿ ನಾಡೀನ್ ತೀರಿಕೊಂಡಳು. ಜೂನಿನ ಒಂದು ಶನಿವಾರ ವರ್ಲಿನ್ ಗುರಿ ಅಭ್ಯಾಸದ ಮೈದಾನಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಅವಳ ಅಂತ್ಯಕ್ರಿಯೆಗೆಂದು ಕೊಂಡ ಅಂಗಿ. ಹದಿನಾಲ್ಕು ಟೀ ಶರ್ಟನ್ನೂ ಮಡಿಸಿ ತಂದಿದ್ದ.

"ಇಟ್ಕೊಳ್ರೋ. ನಂಗಿನ್ಯಾಕೆ?"

ಅಲ್ಲಿದ್ದವರೆಲ್ಲ ನಕ್ಕು ಹಂಚಿಕೊಂಡರು. ಹಳೆಯ ಗೆಳೆಯ ರಾಯ್ಸ್ ಮಾತ್ರ ನಗಲಿಲ್ಲ. ಮಧ್ಯಾಹ್ನ ಅವನ ಗಾಡಿ ವರ್ಲಿನ್ ಮನೆಮುಂದೆ ನಿಂತಿತು. ಹಿಂದೆ ಒಂದು ರಾಶಿ ಕಂಬಳಿ.

"ಬೀಗದ ಕೈ ಕೊಡೋ ಮುದುಕಾ. ನಿನ್ನ ಬಂದೂಕು ಸ್ವಲ್ಪ ದಿನ ನಮ್ಮನೇಲಿರ್ಲಿ."

ವರ್ಲಿನ್‌ಗೆ ಅರ್ಥವಾಯಿತು. ಮನಸ್ಸು ಕೆಟ್ಟವನ ಬಂದೂಕುಗಳನ್ನು ಗೆಳೆಯ ಒಯ್ದಿಟ್ಟುಕೊಳ್ಳುವುದು ಅವರಲ್ಲಿ ಪದ್ಧತಿ. ಯಾಕೆಂದು ಯಾರೂ ಬಾಯಿಬಿಡುವುದಿಲ್ಲ. ರಾಯ್ಸ್‌ನ ವಿಚ್ಛೇದನವಾದ ವರ್ಷ ಅವನವು ಇಲ್ಲೇ ಇದ್ದವು.

ಒಂಬತ್ತನ್ನು ನಿದ್ದೆಹೋದ ಮಕ್ಕಳಂತೆ ಕಂಬಳಿ ಸುತ್ತಿ ಹೊತ್ತೊಯ್ದರು.

"ಎಲ್ಲಾ ಬಂತಾ?"

"ಬಂತು." ವರ್ಲಿನ್ ನೆಲ ನೋಡಿದ. ಹತ್ತನೆಯದು, ಪಿಸ್ತೂಲು, ಹಾಸಿಗೆಯ ಬದಿಯ ಡ್ರಾಯರಿನಲ್ಲಿತ್ತು. ನಾಳೆಗೆ ಅವನಿಗೆ ಅದೊಂದೇ ಸಾಕಿತ್ತು.

ರಾಯ್ಸ್ ಹಲ್ಲು ಕೆದಕುತ್ತಾ ಅಂದ: "ಆ ಪಿಸ್ತೂಲು ಮಾರ್ಬಿಟ್ಯಾ? ಒಳ್ಳೇದಾಯ್ತು ಬಿಡು. ತುಕ್ಕು ಹಿಡಿದ ಡಬ್ಬಾ."

ಸುಮ್ಮನಿರಬೇಕೆಂದು ವರ್ಲಿನ್‌ಗೆ ಗೊತ್ತಿತ್ತು. ಸಾವಿಗೆ ಅಂಜದವನು ಈ ಒಂದು ಮಾತಿಗೆ ಸೋತ.

"ತುಕ್ಕಾ? ಇವತ್ತು ಬೆಳಿಗ್ಗೆ ತಾನೇ ಎಣ್ಣೆ ಹಾಕಿ ಒರೆಸಿದೀನಿ ಕಣೋ."

ರಾಯ್ಸ್ ಕೈ ಚಾಚಿದ.

"ತಗೊಂಬಾ, ವರ್ಲಿನ್."

ಡ್ರಾಯರಿನಲ್ಲಿ ನಾಡೀನಳ ಕನ್ನಡಕವೂ ಇತ್ತು. ಅದನ್ನು ನೋಡುತ್ತಾ ವರ್ಲಿನ್ ಬಹಳ ಹೊತ್ತು ನಿಂತ. ರಾಯ್ಸ್‌ನ ಬೂಟಿನ ಸದ್ದು ಹೊಸ್ತಿಲವರೆಗೆ ಬಂದು ನಿಂತಿತು. ಕೊನೆಗೆ ಗುಂಡು ತೆಗೆದು, ಹಿಡಿಯನ್ನು ಗೆಳೆಯನ ಕಡೆಗೆ ತಿರುಗಿಸಿ ಕೊಟ್ಟ.

ರಾಯ್ಸ್ ತನ್ನ ಪಾಲಿಗೆ ಬಂದಿದ್ದ ಟೀ ಶರ್ಟನ್ನು ಗಾಡಿಯಿಂದ ತಂದು ಎಸೆದ. "ಹಾಕ್ಕೋ. ಆ ಅಂಗೀಲಿ ಹೆಣದಂಗೆ ಕಾಣ್ತೀಯ."

ಹದ್ದು ಹೊಟ್ಟೆಯ ಮೇಲೆ ವಾಪಸು ಬಂದು ಕೂತಿತು, ಸ್ವಲ್ಪ ಸೊಟ್ಟಗೆ. ರಾಯ್ಸ್ ಹೊರಡಲಿಲ್ಲ, ಒಲೆ ಹೊತ್ತಿಸಿ ಮೊಟ್ಟೆ ಸೀಯಿಸತೊಡಗಿದ.

"ಉಳಿದ ಹದಿಮೂರನ್ನ ನಾಳೆ ಹೋಗಿ ಇಸ್ಕೊಂಡು ಬರೋಣ."

"ನಾಳೆ ಭಾನುವಾರ," ಎಂದ ವರ್ಲಿನ್.

"ಹೌದು. ಎಲ್ಲಾ ಮನೇಲೇ ಇರ್ತಾರೆ."